ಏರುದಾರಿಯ ಬಳೆ ಸದ್ದು

ಇಳಕಲ್ಲಿನಲ್ಲಿ ಸ್ವಂತ ಕಾರು ಇಟ್ಟವರು ಎಂಬತ್ತಾರರ ಹೊತ್ತಿಗೂ ಬೆರಳೆಣಿಕೆಯ ಮಂದಿ. ಅವರೆಲ್ಲರೂ ಮೆಕ್ಯಾನಿಕ್ ಜಾಫರಸಾಬನಿಗೆ ಹೇಳುತ್ತಿದ್ದುದು ಒಂದೇ ಮಾತು: “ಗಾಡಿ ಹೆಂಗರೆ ಓಡ್ಲಿ, ಎವರೇಜ್ ಕೊಡಬೇಕು.” ಲೀಟರಿಗೆ ಒಂದು ಕಿಲೋಮೀಟರು ಹೆಚ್ಚು ಸಿಕ್ಕಿತೆಂದರೆ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂತೋಷಪಡುವ ಜನ. ಕಾರಿಗೆ ಸುರಿದ ದುಡ್ಡಿನ ಲೆಕ್ಕ ಅವರಿಗೆ ಬೇಕಿರಲಿಲ್ಲ, ಅದು ಕುಡಿಯುವ ಪೆಟ್ರೋಲಿನ ಮೇಲೆ ಮಾತ್ರ ಕಣ್ಣು.

ಜಾಫರಸಾಬ ಅವರ ಆಸೆಯನ್ನು ತೀರಿಸುತ್ತಿದ್ದ. ಕಾರ್ಬೊರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಸಣ್ಣ ತಿರುಪು ಇರುತ್ತದೆ. ಅದರ ನಡುವಿನ ತೂತಿನ ಮೂಲಕವೇ ಎಂಜಿನ್ನಿಗೆ ಪೆಟ್ರೋಲು ಹೋಗಬೇಕು. ಅವನು ಆ ತೂತನ್ನು ಬೆಸುಗೆ ಹಾಕಿ ಮುಚ್ಚಿ, ಹೊಲಿಗೆ ಸೂಜಿಯಿಂದ ಮತ್ತೆ ಸಣ್ಣದಾಗಿ ತೆಗೆಯುತ್ತಿದ್ದ. ಆಮೇಲೆ ಗಾಡಿಯನ್ನು ಊರ ಹೊರಗಿನ ಕಲ್ಲಿನ ಖಣಿಯ ಏರಿಗೆ ಒಯ್ದು ಎಕ್ಸಲರೇಟರು ಪೂರ್ತಿ ಒತ್ತುತ್ತಿದ್ದ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಏರಿನಲ್ಲಿ ಎಂಜಿನ್ನೊಳಗಿಂದ ಒಂದು ಸದ್ದು ಬರುತ್ತದೆ, ಗಾಜಿನ ಬಳೆಗಳು ಒಂದಕ್ಕೊಂದು ತಾಗಿದಂಥ ಸದ್ದು. ಅದು ಬರದಿದ್ದರೆ ಇನ್ನೂ ಸಣ್ಣ ಸೂಜಿ. ಬಂತೋ, ಒಂದು ಸೂಜಿ ಹಿಂದಕ್ಕೆ, ತುಸು ದಪ್ಪದ್ದಕ್ಕೆ. ಸದ್ದು ಬರುವ ತನಕ ಹೋಗುವುದು, ಬಂದೊಡನೆ ಹಿಂದೆ ಸರಿಯುವುದು. ಅವನ ವಿದ್ಯೆ ಇಷ್ಟೇ. ಬೇರೆ ಮೆಕ್ಯಾನಿಕ್ಕುಗಳು ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡಿ ತಿಳಿಯುತ್ತಿದ್ದರು. ಅಂಥವರನ್ನು ಕಂಡರೆ ಜಾಫರಸಾಬನಿಗೆ ನಗು. “ಕಣ್ಣು ಎಲ್ಲಾರಿಗೂ ಅದಾವು ಬಿಡ್ರಿ” ಎನ್ನುತ್ತಿದ್ದ. ಬಾದಾಮಿ, ಬಾಗಲಕೋಟೆಗಳಿಂದಲೂ ಗಾಡಿಗಳು ಅವನ ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಿದ್ದವು. ‘ಜಾಫರಸಾಬನ ಕಿವಿ’ ಎಂಬುದು ಆ ಸೀಮೆಯಲ್ಲಿ ಒಂದು ಮಾತೇ ಆಗಿಹೋಗಿತ್ತು.

ಆ ಕಿವಿ ಹೋಗಿತ್ತು. ಒಮ್ಮೆಲೇ ಹೋಗಿದ್ದರೆ ಊರಿಗೆಲ್ಲ ತಿಳಿಯುತ್ತಿತ್ತು, ಅವನೂ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದ. ಅದು ಹೇಳದೆ ಕೇಳದೆ ಹೋಯಿತು. ಜನರ ಮಾತು ಕೇಳುತ್ತಿತ್ತು, ಲಾರಿಯ ಹಾರ್ನು ಕೇಳುತ್ತಿತ್ತು, ಮಸೀದಿಯ ಬಾಂಗು ಕೇಳುತ್ತಿತ್ತು. ತೆಳ್ಳಗಿನ ಸದ್ದುಗಳಷ್ಟೇ ಒಂದೊಂದಾಗಿ ಜಾಗ ಖಾಲಿ ಮಾಡಿದ್ದವು. ಮೊದಲು ಗುಬ್ಬಿಗಳು ಹೋದವು, ಆಮೇಲೆ ಒಲೆಯ ಮೇಲೆ ಚಹಾದ ನೀರಿನ ಸುಯ್‌ ಸದ್ದು. ಒಂದು ಸಂಜೆ ಹೆಂಡತಿ ಲಾಲಬಿ ರೊಟ್ಟಿ ಬಡಿಯುತ್ತಿದ್ದಳು. ಅಂಗೈಯ ಪಟಪಟ ಕೇಳುತ್ತಿತ್ತು. ಮಣಿಕಟ್ಟಿನ ಹಸಿರು ಬಳೆಗಳು ಮೇಲೂ ಕೆಳಗೂ ಕುಣಿಯುತ್ತಿದ್ದವು, ಅವುಗಳ ಸದ್ದು ಮಾತ್ರ ಇರಲಿಲ್ಲ. ಅವನು ರೊಟ್ಟಿಗಾಗಿ ಕಾಯುತ್ತ ಅಲ್ಲೇ ಕೂತಿದ್ದ. ಅಂದು ಹಸಿವೆಯೇ ಆಗಲಿಲ್ಲ.

ಕಾರಣ ಅವನಿಗೆ ಗೊತ್ತಿತ್ತು. ಎಪ್ಪತ್ತರ ದಶಕವನ್ನೆಲ್ಲ ಅವನು ಕೆಂಪುಕಲ್ಲಿನ ಖಣಿಗಳಲ್ಲಿ ಕಂಪ್ರೆಸರುಗಳ ಪಕ್ಕದಲ್ಲೇ ಕಳೆದಿದ್ದ. ಕಿವಿಗೆ ಅರಳೆ ಇಟ್ಟುಕೊಳ್ಳಿ ಎಂದು ಯಾರೋ ಹೇಳಿದ್ದರು. ಕಿವಿಗೆ ಅರಳೆ ಇಟ್ಟರೆ ಮಷೀನಿನ ಕಾಯಿಲೆ ಹೇಗೆ ತಿಳಿಯುತ್ತದೆ ಎಂದು ಇವನು ಅವರನ್ನೇ ಗದರಿಸಿದ್ದ.

ಯಾರಿಗೂ ಹೇಳಲಿಲ್ಲ. ಹೆಣ್ಣುಮಕ್ಕಳನ್ನು ಕಮತಗಿಗೂ ಹುನಗುಂದಕ್ಕೂ ಕೊಟ್ಟಾಗಿತ್ತು. ಉಳಿದದ್ದು ಲಾಲಬಿ, ಅವಳ ಮಗ್ಗ, ಈ ಗ್ಯಾರೇಜು. ಬ್ರೇಕು, ಕ್ಲಚ್ಚು ಯಾರಾದರೂ ಮಾಡುತ್ತಾರೆ. ಗಾಡಿಗಳು ಊರು ದಾಟಿ ಅವನ ಹತ್ತಿರ ಬರುತ್ತಿದ್ದುದು ಕಿವಿಗಾಗಿ. ಅದಿಲ್ಲವೆಂದು ಗೊತ್ತಾದ ದಿನ ಬೇವಿನ ಮರದ ಕೆಳಗೆ ಬೇವಿನ ಎಲೆ ಮಾತ್ರ ಬೀಳುತ್ತದೆ. ಅದಕ್ಕೇ ನಾಟಕ ಶುರುಮಾಡಿದ್ದ. ಅಂಬಾಸಿಡರಿಗೆ ಯಾವ ಸೂಜಿ, ಫಿಯೆಟ್ಟಿಗೆ ಯಾವುದು, ಜೀಪಿಗೆ ಯಾವುದು ಎಂಬುದು ಕೈಗೆ ಗೊತ್ತಿತ್ತು. ನೆನಪಿನಿಂದ ಸೂಜಿ ಹಾಕಿ, ಏರಿಗೆ ಒಯ್ದು, ತಲೆ ಓರೆಮಾಡಿ ಕೇಳಿದಂತೆ ಮಾಡಿ, “ಹಾಂ, ಆತು” ಎನ್ನುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಕಳ್ಳತನಕ್ಕಿಂತ ಹೆಚ್ಚಿನ ದಣಿವು ಅದು. ದಿನವೂ ಸಂಜೆ ಮೈಯಲ್ಲಿ ಎಲುಬೇ ಇಲ್ಲದವನಂತೆ ಮನೆಗೆ ಬರುತ್ತಿದ್ದ.

ಹೀಗಿರುವಾಗ ಅಮಸಿದ್ದಪ್ಪ ಆ ಕಾರು ತಂದ.

ಅಮಸಿದ್ದಪ್ಪನ ಹಿರಿಯರು ಕುರಿ ಕಾಯ್ದವರು. ಅವರ ಕುರಿ ಮೇಯುತ್ತಿದ್ದ ಬೋಳು ಗುಡ್ಡದ ಕೆಳಗೆ ಕೆಂಪು ಕಲ್ಲು ಸಿಕ್ಕು, ನಲವತ್ತರ ಒಳಗೇ ಅವನು ಖಣಿಯ ಸಾವಕಾರನಾಗಿದ್ದ. ಮನೆಯಲ್ಲಿ ಈಗಲೂ ಕುರಿಗಳಿದ್ದವು, ಮಾತಿನಲ್ಲಿ ಸೊಕ್ಕಿರಲಿಲ್ಲ. ಮುಂಬೈಯಲ್ಲಿ ಯಾರೋ ಮಾರಿದ ಪರದೇಶದ ಬಿಳಿ ಕಾರನ್ನು ಕೊಂಡು, ಬೀರಪ್ಪನ ಗುಡಿಗೆ ಒಯ್ದು, ಭಂಡಾರ ಎರಚಿಸಿ ತಂದಿದ್ದ. ಬಾನೆಟ್ಟಿನ ಸಂದಿಯಲ್ಲೆಲ್ಲ ಅರಿಶಿಣ. ಒಳಗೆ ಕನ್ನಡಿಗೆ ಗುಡಿಯಿಂದ ತಂದ ಗೆಜ್ಜೆಗಳ ಗೊಂಚಲು ಕಟ್ಟಿದ್ದ.

“ಚಾಚಾ, ನೋಡ್ರಿ. ಟರ್ಬೊ ಅಂತ. ಒತ್ತಿದ್ರ ಹಾರ್ತೈತಿ. ಆದ್ರ ಕುಡಿತೈತ್ರಿ, ಹಬ್ಬದಾಗ ಕುಡದಂಗ ಕುಡಿತೈತಿ.”

ಜಾಫರಸಾಬ ಬಾನೆಟ್ಟು ಎತ್ತಿದ. ಇಂಥದನ್ನು ಹಿಂದೆ ಖಣಿಯ ಒಂದು ಪರದೇಶದ ಮಷೀನಿನಲ್ಲಿ ನೋಡಿದ್ದ. ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಪಂಖ, ಅದೇ ಕಂಬಿಗೆ ಇನ್ನೊಂದು. ಹೊಗೆಯ ರಭಸಕ್ಕೆ ಒಂದು ತಿರುಗಿದರೆ ಇನ್ನೊಂದು ಗಾಳಿಯನ್ನೂ ಪೆಟ್ರೋಲನ್ನೂ ಎಂಜಿನ್ನಿನೊಳಕ್ಕೆ ತುರುಕುತ್ತದೆ. ಬೇರೆ ಎಂಜಿನ್ನುಗಳು ತಾವೇ ಉಸಿರೆಳೆದುಕೊಳ್ಳುತ್ತವೆ, ಇದರ ಬಾಯಿಗೆ ಉಸಿರು ಊದುತ್ತಾರೆ. ಹಾಗೆ ಊದುವಾಗ ಪೆಟ್ರೋಲು ಧಾರಾಳ ಇರಬೇಕು, ಒಳಗಿನ ಬೆಂಕಿಯನ್ನು ಹದದಲ್ಲಿಡುವುದೇ ಅದು. ಕಡಿಮೆಯಾದರೆ ಬೆಂಕಿ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಬೇರೆ ಗಾಡಿಗಳಲ್ಲಿ ಬಳೆ ಸದ್ದು ಬಂದರೆ ಎಚ್ಚರಿಕೆ. ಇದರಲ್ಲಿ ಬಂದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನು ಬೆಲ್ಲದ ಹಾಗೆ ಕರಗುತ್ತದೆ.

“ಮಾರಿದಾವ ಏನ ಹೇಳಿದ?” ಎಂದು ಕೇಳಿದ.

“ಜೆಟ್ಟಿಗೆ ಕೈ ಹಚ್ಚಬ್ಯಾಡ್ರಿ ಅಂದ. ಅವ್ಗೇನ್ ಗೊತ್ರಿ, ನಮ್ಮ ಕಡೆ ಜಾಫರಚಾಚಾ ಅದಾನ ಅಂತ? ನಾಳಿ ಮುಂಜಾನಿ ಅವ್ವನ್ನ ಕರ್ಕೊಂಡು ಬಾದಾಮಿಗೆ ಹೋಗಬೇಕು, ತಂಗಿ ಮನಿಗೆ. ಅಷ್ಟರಾಗ ಮಾಡಿ ಕೊಡ್ರಿ.”

ಮಾರಿದವನ ಮಾತೇ ಸರಿ, ಮುಟ್ಟುವುದು ಬೇಡ ಎನ್ನಬೇಕಿತ್ತು. ಬೇಡವೆಂದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ಕೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ. ಹಿಂದೆ ಯಾವ ಗಾಡಿಗೂ ಜಾಫರಸಾಬ ಆಗದು ಅಂದವನಲ್ಲ. ಈ ಗಾಡಿಗೆ ಕೈಯಲ್ಲಿ ನೆನಪಿನ ಸೂಜಿಯೂ ಇರಲಿಲ್ಲ. ಅವನು ತಿರುಪು ಬಿಚ್ಚುವ ಪಾನಾ ತೆಗೆದುಕೊಂಡ.

ಜೆಟ್ಟು ಮುಚ್ಚಿ, ತೂತು ಒಂದು ಸೂಜಿ ಸಣ್ಣ ಮಾಡಿ, ಇಬ್ಬರೂ ಏರಿಗೆ ಹೋದರು. ಜಾಫರಸಾಬ ಪೂರ್ತಿ ಒತ್ತಿದ. ಟರ್ಬೊ ಎದ್ದು ಇಬ್ಬರನ್ನೂ ಸೀಟಿಗೆ ಒತ್ತಿತು. ಅವನು ಉಸಿರು ಹಿಡಿದು ಕೇಳಿದ. ಬಳೆ ಇಲ್ಲ. ಹಿಂದೆ ಬಂದು ಇನ್ನೊಂದು ಸೂಜಿ ಸಣ್ಣ ಮಾಡಿದ, ಬಳೆ ಇಲ್ಲ. ಮತ್ತೂ ಸಣ್ಣ ಮಾಡಿದ, ಆಗಲೂ ಇಲ್ಲ. ಹೊಟ್ಟೆಯೊಳಗೆ ಎಲ್ಲೋ ಒಂದು ಹಳೆಯ ಖುಷಿ ಎದ್ದಿತು. ಭಲೆ ಗಾಡಿ, ಎಷ್ಟು ಹಿಂಡಿದರೂ ಕೊಡುತ್ತದೆ! ತನ್ನ ಕಿವಿಯ ವಿಷಯ ಆ ಗಳಿಗೆಗೆ ಅವನಿಗೆ ಮರೆತೇ ಹೋಯಿತು. ಬೇಡದ್ದನ್ನು ಮರೆಯಲು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ ನೋಡಿ.

ಹಿಂದೆ ಲಾರಿಯೇನಾದರೂ ಬರುತ್ತಿದೆಯೋ ಎಂದು ಕನ್ನಡಿಯತ್ತ ಕಣ್ಣು ಹಾಯಿಸಿದ. ಕನ್ನಡಿಗೆ ಕಟ್ಟಿದ್ದ ಗೆಜ್ಜೆಗಳು ಒಂದರ ಮೇಲೊಂದು ಬಿದ್ದು ಕುಣಿಯುತ್ತಿದ್ದವು. ಅವನಿಗೆ ಒಂದೂ ಕೇಳಲಿಲ್ಲ.

ಮೊದಲಾಗಿದ್ದರೆ ಗಾಡಿ ಏರಿಗೆ ಒಯ್ಯುವ ಮುಂಚೆ ಅವನು ಮಾಡುತ್ತಿದ್ದ ಕೆಲಸವೇ ಅದು: ಸದ್ದು ಮಾಡುವುದನ್ನೆಲ್ಲ ಕೆಳಗಿಳಿಸುವುದು. ಕೀಲಿಗೊಂಚಲು, ಡಿಕ್ಕಿಯ ಪಾನಾ, ಮಾಲಕನ ಕಿಸೆಯ ಚಿಲ್ಲರೆ. ಇವತ್ತು ಗೆಜ್ಜೆಗೊಂಚಲು ಅವನ ಮೂಗಿನ ಮುಂದೆಯೇ ಇದ್ದು ಬಿಚ್ಚಬೇಕೆಂದು ಹೊಳೆದಿರಲಿಲ್ಲ. ಕೇಳದ ಸದ್ದು ತೊಂದರೆ ಕೊಡುವುದಾದರೂ ಹೇಗೆ?

ಗಾಡಿ ನಿಲ್ಲಿಸಿದ. ಗೊಂಚಲು ಬಿಚ್ಚಿ ಕಿಸೆಗೆ ಹಾಕಿಕೊಂಡು, ಉಳಿದ ಏರಿಗೆ ಮತ್ತೆ ಒತ್ತಿದ. ಪಕ್ಕದಲ್ಲಿ ಅಮಸಿದ್ದಪ್ಪ ಕನ್ನಡಿ ನೋಡಿದ, ಜಾಫರಸಾಬನನ್ನು ನೋಡಿದ.

“ಚಾಚಾ, ಇಷ್ಟೊತ್ತೂ ಗೆಜ್ಜಿ ಅನ್ಕೊಂಡಿದ್ದೆ. ಗೆಜ್ಜಿ ಬಿಚ್ಚಿದ್ರೂ ಕಿಣಿಕಿಣಿ ಅಂತೈತಲ್ರಿ?”

ಜಾಫರಸಾಬನ ಕಾಲು ತಾನಾಗಿಯೇ ಮೇಲೆದ್ದಿತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು: “ಅದು ಟರ್ಬೊದ್ದು. ಇಂಥಾ ಗಾಡಿ ಹಂಗಽ ಅಂತಾವ.”

“ಹೌದೇನ್ರಿ? ನೀವು ಅಂದ್ರ ಮುಗೀತು ಬಿಡ್ರಿ.”

ಅಮಸಿದ್ದಪ್ಪ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು, ಮುಂಜಾನೆ ಬರುವುದಾಗಿ ಹೇಳಿ ಹೋದ. ಅವನು ಅಷ್ಟು ಸುಲಭವಾಗಿ ನಂಬಿದ್ದೇ ಜಾಫರಸಾಬನಿಗೆ ಹೆಚ್ಚು ನೋವು ಕೊಟ್ಟಿತು. ಒಂದು ಬೈಗುಳ ಬೈದಿದ್ದರೂ ಹಗುರಾಗುತ್ತಿತ್ತು.

ಮನೆಗೆ ಬಂದಾಗ ಲಾಲಬಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವನನ್ನು ನೋಡಿ ಎದ್ದಳು. ನೀರಿನ ತಂಬಿಗೆಯನ್ನು ಅವನ ಮುಂದೆ ಠಣ್ಣನೆ ಕುಕ್ಕಿದಳು. ಈ ಮೂರ್ನಾಲ್ಕು ವರ್ಷದಿಂದ ಅವಳಿಗೆ ಇದೊಂದು ಚಾಳಿ: ಮುಚ್ಚಳ ಬಡಿಯುವುದು, ಬಾಗಿಲು ಧಡ್ಡೆನ್ನಿಸುವುದು. ವಯಸ್ಸಾದಂತೆ ಹೆಂಗಸಿನ ಕೈ ಒರಟಾಯಿತು ಎಂದು ಅವನು ಎಷ್ಟೋ ಸಲ ಗೊಣಗಿದ್ದ. ಇವತ್ತು ಗೊಣಗಲಿಲ್ಲ.

“ಲಾಲಬಿ, ನನಗ ನಿನ್ನ ಬಳಿ ಸಪ್ಪಳ ಕೇಳ್ಸೂದಿಲ್ಲ.”

ಅವಳು ಅವನ ಬಾಯನ್ನೇ ನೋಡುತ್ತ ನಿಂತಳು. ಅವನು ಎಲ್ಲ ಹೇಳಿದ. ಗುಬ್ಬಿ, ಚಹಾ, ನೆನಪಿನ ಸೂಜಿ, ಬಿಳಿ ಕಾರು, ಅಮಸಿದ್ದಪ್ಪನಿಗೆ ಹೇಳಿದ ಸುಳ್ಳು. ಹೇಳುತ್ತ ಹೇಳುತ್ತ ಗೋಡೆಗೊರಗಿದ. ಅಳು ಬರಲಿಲ್ಲ, ಅದಕ್ಕೂ ಶಕ್ತಿ ಬೇಕು.

“ಇಷ್ಟಽ ಏನ್ರಿ?” ಎಂದಳು ಲಾಲಬಿ. “ನಾಳಿ ನಸುಕಿನ್ಯಾಗ ನಾ ಬರ್ತೇನಿ ನಿಮ್ಮ ಕೂಡ. ನೀವು ಹೊಡೀರಿ, ನಾ ಕೇಳಿ ಹೇಳ್ತೇನಿ. ಬಳಿ ಸಪ್ಪಳ ಹೆಂಗಸರಿಗೆ ಯಾರರೆ ಹೇಳಿಕೊಡಬೇಕೇನು? ಈಗ ಉಣ್ರಿ.”

ಅವನು ಉಂಡ. ಹಾಸಿಗೆಗೆ ಬಿದ್ದದ್ದೇ ನಿದ್ದೆ ಹೋದ. ಎಷ್ಟೋ ತಿಂಗಳ ನಿದ್ದೆ ಅದು.

ನಸುಕಿನ ನಮಾಜು ಮುಗಿಸಿ ಗ್ಯಾರೇಜಿಗೆ ಹೋದರು. ಲಾಲಬಿ ಬುರ್ಖಾ ಸರಿಮಾಡಿಕೊಂಡು, ಮದುವಣಗಿತ್ತಿಯ ಗಾಂಭೀರ್ಯದಲ್ಲಿ ಮುಂದಿನ ಸೀಟಿನಲ್ಲಿ ಕೂತಳು. ಅಂಥ ಕಾರಿನಲ್ಲಿ ಅವಳು ಕೂತದ್ದು ಅದೇ ಮೊದಲು. ಖಣಿಯ ಏರಿನಲ್ಲಿ ಅವನು ಒತ್ತಿದ. ಎಂಜಿನ್ನು ಗುಡುಗಿತು, ರಸ್ತೆಯ ಕೆಂಪು ಹುಡಿ ಹಿಂದೆ ಎದ್ದಿತು.

“ಏನರೆ ಕೇಳ್ತೇನು?”

“ಏನೂ ಇಲ್ರಿ.”

“ಕಿವಿಗೊಟ್ಟು ಕೇಳ. ಸಣ್ಣದಿರ್ತೈತಿ.”

ಅವಳು ಕಣ್ಣು ಮುಚ್ಚಿದಳು, ತಲೆಯಾಡಿಸಿದಳು. “ಏನಂದ್ರ ಏನೂ ಇಲ್ಲ. ಬರೇ ಗಾಡಿ ಸಪ್ಪಳ.”

ಜಾಫರಸಾಬ ಗಟ್ಟಿಯಾಗಿ ನಕ್ಕುಬಿಟ್ಟ. ಹಾಗಾದರೆ ಅಮಸಿದ್ದಪ್ಪನಿಗೆ ಗೆಜ್ಜೆಯ ಗುಂಗು ಕಿವಿಯಲ್ಲಿ ಉಳಿದಿತ್ತಷ್ಟೇ! ಹಾಗಾದರೆ ತಾನು ಹೇಳಿದ್ದು ಸುಳ್ಳೇ ಅಲ್ಲ. ಸೂಜಿ ಸರಿಯಾಗಿದೆ, ಕೈ ಸರಿಯಾಗಿದೆ! ಏರಿನಿಂದ ಇಳಿಯುವಾಗ ಅವನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ಮರದ ಕೆಳಗೆ ಗಾಡಿ ನಿಲ್ಲಿಸಿ, ಇಷ್ಟು ಒಳ್ಳೆಯ ಗಾಡಿಗೆ ಪ್ಲಗ್ಗಾದರೂ ಒರೆಸಿ ಕೊಡೋಣವೆಂದು ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದ.

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಮಣಿಗಳು ಹೊಳೆಯುತ್ತಿದ್ದವು. ಉಗುರಿನಿಂದ ಕೆರೆದು ನೋಡಿದ. ಅಲ್ಯುಮಿನಿಯಂ. ಪಿಸ್ಟನ್ನಿನ ತಲೆ ಕರಗಲು ಶುರುವಾಗಿತ್ತು.

ಸದ್ದು ಇತ್ತು. ನಿನ್ನೆಯೂ ಇತ್ತು, ಇವತ್ತೂ ಇತ್ತು, ಈಗ ಏರಿನಲ್ಲಿ ಕಿವಿ ಹರಿಯುವಷ್ಟು ಇದ್ದಿರಬೇಕು. ಮತ್ತೆ ಲಾಲಬಿ?

ಅವಳು ಬೆನ್ನು ಇತ್ತ ಮಾಡಿ ಹಳೆಯ ಟೈರಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಅವನು ಕಿಸೆಯಿಂದ ಗೆಜ್ಜೆಗೊಂಚಲು ತೆಗೆದ. ಹಿಂದಿನಿಂದ ಹೋಗಿ, ಅವಳ ತಲೆಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವನಿಗೇನೂ ಕೇಳಲಿಲ್ಲ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

“ಲಾಲಬಿ.”

ದನಿ ಕೇಳಿದ್ದೇ ತಿರುಗಿದಳು. ಅವನ ಕೈಯಲ್ಲಿ ಇನ್ನೂ ಅಲ್ಲಾಡುತ್ತಿದ್ದ ಗೆಜ್ಜೆಗಳನ್ನು ನೋಡಿ ತಲೆ ತಗ್ಗಿಸಿದಳು.

“ಯಾವಾಗಿಂದ?”

“ಯಾರಿಗ್ಗೊತ್ತು? ಮಗ್ಗದ ಸಪ್ಪಳದಾಗ ಹೋಗಿರಬೇಕು, ನಿಮಗಿಂತ ಮೊದ್ಲಽ. ತಂಬಿಗಿ ಇಟ್ಟದ್ದು ನನಗಽ ಕೇಳ್ತಿದ್ದಿಲ್ಲ, ಅದಕ್ಕ ಕುಕ್ಕಾಕ ಹತ್ತಿದೆ.”

“ಮತ್ತ ಯಾಕ ಸುಳ್ಳ ಹೇಳಿದಿ? ಕೇಳ್ತೈತಿ ಅಂತ ಯಾಕ ಬಂದಿ?”

“ನೀವು ಒಂದ್ ರಾತ್ರಿ ಆದ್ರೂ ನಿದ್ದಿ ಮಾಡ್ಲಿ ಅಂತ.” ಬುರ್ಖಾದ ಅಂಚು ಕೊಡವಿಕೊಂಡು ಹೇಳಿದಳು: “ಮಾಡಿದ್ರಿ. ಗೊರಕಿ ಹೊಡದ್ರಿ. ಅದು ಕೇಳ್ತೈತಿ ನನಗ.”

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಪಕ್ಕ ಇನ್ನೊಂದು ಟೈರಿನ ಮೇಲೆ ಕುಸಿದು ಕೂತ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಎಷ್ಟು ದಣಿದಿದ್ದರು! ಇಬ್ಬರೂ ಬಿಳಿ ಕಾರನ್ನು ನೋಡುತ್ತ ಕೂತರು. ಖಣಿಯ ಜೀಪು ಬಂದು ನಿಂತದ್ದು ಹಾಗೆ ಕೂತಿದ್ದಾಗಲೇ.

ಅಮಸಿದ್ದಪ್ಪ ಇಳಿದ, ತಾಯಿ ಸೋಮವ್ವನ ಕೈಹಿಡಿದು ಇಳಿಸಿದ. ಎಪ್ಪತ್ತು ದಾಟಿದ ಮುದುಕಿ. ಇಳಕಲ್ ಸೀರೆಯ ಸೆರಗು ಹೊತ್ತು, ಹಣೆಗೆ ಭಂಡಾರ ಬಳಿದುಕೊಂಡು, ಮಗಳ ಮನೆಗೆ ಹೊರಟ ಹುರುಪಿನಲ್ಲಿದ್ದಳು. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ.

“ಆತೇನ್ರಿ ಚಾಚಾ?”

ಈಗಲೂ ಹೇಳಬಹುದಿತ್ತು, ಆಗಿದೆ ಎಂದು. ಬಾದಾಮಿಯ ಗುಡ್ಡದ ಹಾದಿಯಲ್ಲಿ ಎಲ್ಲೋ ಗಾಡಿ ನಿಂತುಹೋಗುತ್ತದೆ. ಪರದೇಶದ ಮಾಲು, ಪೆಟ್ರೋಲು ಕೆಟ್ಟದ್ದು, ಭಂಡಾರ ಒಳಗೆ ಹೋಗಿರಬೇಕು ಎಂದರೆ ನಂಬುವ ಜನ. ಆದರೆ ಆ ಬಿಸಿಲಲ್ಲಿ ರಸ್ತೆ ಪಕ್ಕ ಕೂರುವವಳು ಡಬ್ಬಿ ಹಿಡಿದ ಈ ಮುದುಕಿ. ಅದಕ್ಕಿಂತ ಹೆಚ್ಚಾಗಿ, ಜಾಫರಸಾಬನಿಗೆ ಇನ್ನೊಂದು ಸುಳ್ಳನ್ನು ಹೊತ್ತು ತಿರುಗುವ ತ್ರಾಣ ಉಳಿದಿರಲಿಲ್ಲ.

“ಆಗಿಲ್ರಿ ಸಾವಕಾರ. ಗಾಡಿ ಕೆಡಿಸೇನಿ. ನಿನ್ನಿ ನಿಮಗ ಕೇಳಿದ ಸಪ್ಪಳ ಖರೆ, ನಾ ಹೇಳಿದ್ದು ಸುಳ್ಳು. ನನ್ನ ಕಿವಿ ಹೋಗೇತಿ. ಎರಡ್ ವರ್ಷ ಆತು.” ಪ್ಲಗ್ಗನ್ನು ಮುಂದೆ ಚಾಚಿದ. “ಪಿಸ್ಟನ್ ಈಗಽ ಕರಗಾಕ ಹತ್ತೇತಿ. ಇನ್ನೂ ಪೂರ್ತಿ ಹೋಗಿಲ್ಲ.”

ಅಮಸಿದ್ದಪ್ಪನ ಮುಖ ಕೆಂಪಾಯಿತು. “ನಿನ್ನೆಽ ಅಂದಿದ್ರ ಏನ್ ಹೋಗ್ತಿತ್ರಿ? ಅವ್ವನ್ನ ಕೂಡಿಸ್ಕೊಂಡು ಹೊಂಟಿದ್ನಲ್ಲ! ನಡುದಾರ್ಯಾಗ, ಗುಡ್ಡದಾಗ ನಿಂತಿದ್ರ ಏನ್ ಗತಿ? ನಾ ನಿಮ್ಮನ್ನ ನಂಬಿ…” ಮಾತು ಮುಗಿಸದೆ ಮರದತ್ತ ತಿರುಗಿಕೊಂಡ. “ಈಗ ಇದನ್ನ ಯಾರ ಕಡೆ ಒಯ್ಯಲಿ?”

ಉತ್ತರ ಕೊಟ್ಟವಳು ಸೋಮವ್ವ.

“ಯಾರ ಕಡೆ ಯಾಕ ಒಯ್ತೀ? ಕೈ ಏನರೆ ಹೋಗ್ಯಾವೇನು ಅವಂದು?” ಎಂದು ಮಗನಿಗೆ ಗದರಿ, ಜಾಫರಸಾಬನತ್ತ ತಿರುಗಿದಳು. “ಏನಪಾ, ಏನ್ ಸಪ್ಪಳ ಅದು? ಹೆಂಗಿರ್ತೈತಿ?”

“ಗಾಜಿನ ಬಳಿ ತಾಗಿದಂಗ, ಯವ್ವಾ.”

“ಅಷ್ಟಽ? ಗುಡ್ಡದ ಆಚಿ ಮಗ್ಗಲದಾಗ ಮೇಯೂ ಕುರಿ ಗಂಟಿ ಕೇಳಿ, ಅದು ನಮ್ಮದೋ ಮಂದೀದೋ ಹೇಳ್ತಿದ್ದೆ ನಾನು. ಈಗೂ ಹೇಳ್ತೇನಿ. ನಿಮ್ಮಂಗ ಮಷೀನದಾಗ ತಲಿ ಇಟ್ಟಾಕಿ ಅಲ್ಲ. ನಡಿ, ಕೂಡ್ಸು ನನ್ನ.” ಒಂದು ಹೆಜ್ಜೆ ಇಟ್ಟವಳು ನಿಂತು ಲಾಲಬಿಯನ್ನು ಕರೆದಳು. “ನೀನೂ ಬಾರ ನನ್ನವ್ವ. ಗಂಡನ್ನ ಒಬ್ಬನ್ನಽ ನನ್ನ ಕೂಡ ಕಳಸ್ತೀಯೇನು?”

ಲಾಲಬಿಗೆ ಆ ಸ್ಥಿತಿಯಲ್ಲೂ ನಗು ಬಂತು. ಅಮಸಿದ್ದಪ್ಪ ಬರಲಿಲ್ಲ, ಮರದ ಕೆಳಗೇ ಕರದಂಟಿನ ಡಬ್ಬಿ ಹಿಡಿದು, ಯಾರ ಮುಖವನ್ನೂ ನೋಡದೆ ಕೂತ.

ಜಾಫರಸಾಬ ಜೆಟ್ಟು ಬಿಚ್ಚಿ ತೂತನ್ನು ಒಂದು ಸೂಜಿ ದೊಡ್ಡದು ಮಾಡಿದ. ಏರಿಗೆ ಹೋದರು. ಒತ್ತಿದೊಡನೆ ಸೋಮವ್ವ ಕೈ ಎತ್ತಿದಳು. “ಅಂತೈತಿ. ಬಳಿಗಾರನ ಹೆಡಗಿ ಕೆಡವಿದಂಗ ಅಂತೈತಿ. ಬಿಡು, ಬಿಡು!” ಅವನು ಕಾಲು ತೆಗೆದ. ಏರಿನ ಬುಡದಲ್ಲೇ ಗಾಡಿ ನಿಲ್ಲಿಸಿ, ಬಿಸಿ ಎಂಜಿನ್ನಿಗೆ ಕೈ ಸುಟ್ಟುಕೊಳ್ಳುತ್ತ, ಮತ್ತೆ ಬಿಚ್ಚಿ ಇನ್ನೊಂದು ಸೂಜಿ ಏರಿಸಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಬೆಸುಗೆಯ ಆ ಸಣ್ಣ ತೂತು ಎರಡೆರಡಾಗಿ ಕಾಣುತ್ತಿತ್ತು. ಸೋಮವ್ವ ಕಿಟಕಿಯಿಂದ ಹೊರಗೆ ತಲೆ ಹಾಕಿ ನೋಡುತ್ತಿದ್ದಳು.

“ನಾ ಮಾತ್ರ ಬಾಯಿ ಕಟ್ಕೊಂಡ್ ಕುಂಡ್ರಾಕಿ ಅಲ್ಲ ನೋಡು,” ಎಂದಳು. “ಸಂಜಿ ಅನ್ನೂದ್ರಾಗ ಓಣಿಗೆಲ್ಲ ಹೇಳ್ತೇನಿ, ಜಾಫರಂಗ ಕಿವಿ ಕೇಳ್ಸೂದಿಲ್ಲ ಅಂತ.”

“ಹೇಳ್ರಿ ಯವ್ವಾ,” ಎಂದ ಜಾಫರಸಾಬ. ಆ ಮಾತು ಬಾಯಿಂದ ಹೊರಬಿದ್ದಾಗ ಬೆನ್ನಿನಿಂದ ಏನೋ ಇ‍ಳಿದಂತಾಯಿತು. ನಾಳೆಯಿಂದ ಗಾಡಿಗಳು ಬರುವುದಿಲ್ಲ, ಬಂದರೂ ಬ್ರೇಕಿಗೆ ಬರುತ್ತವೆ. ಬ್ರೇಕು ಮಾಡಿದರಾಯಿತು. ತಲೆ ಓರೆಮಾಡಿ ನಾಟಕ ಆಡಬೇಕಾಗಿಲ್ಲ, ಅಷ್ಟು ಸಾಕು ಅನ್ನಿಸಿತು.

ಮತ್ತೆ ಏರಿದರು. “ಐತಿ, ಆದ್ರ ಸಣ್ಣಾಗೇತಿ,” ಎಂದಳು ಮುದುಕಿ. ಮತ್ತೆ ಇಳಿದು ಮತ್ತೆ ಸೂಜಿ. ಪೆಟ್ರೋಲು ಈಗ ಮುಂಬೈಯವನು ಬಿಟ್ಟಿದ್ದಷ್ಟೇ ಹೋಗುತ್ತಿರಬೇಕು, ಅದಕ್ಕೂ ತುಸು ಹೆಚ್ಚೇ. ಎವರೇಜಿನ ಮಾತು ಅಮಸಿದ್ದಪ್ಪ ಇನ್ನು ಎತ್ತಲಿಕ್ಕಿಲ್ಲ.

ಈ ಸಲ ಬುಡದಿಂದ ತುದಿಯವರೆಗೆ ಪೂರ್ತಿ ಒತ್ತಿಯೇ ಇದ್ದ. ಟರ್ಬೊ ಎದ್ದು ಕಾರನ್ನು ಮೇಲಕ್ಕೆ ಎಳೆದೊಯ್ಯಿತು. ಜಾಫರಸಾಬನಿಗೆ ನಿನ್ನೆಯ ಏರಿಗೂ ಇವತ್ತಿನ ಏರಿಗೂ ವ್ಯತ್ಯಾಸವಿರಲಿಲ್ಲ, ಅದೇ ಗುಡುಗು, ಅದೇ ಖಾಲಿ. ಅವನು ರಸ್ತೆಯನ್ನೂ ನೋಡಿದ, ಮುದುಕಿಯ ಮುಖವನ್ನೂ ನೋಡಿದ. ಸೋಮವ್ವ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು.

“ಐತೇನ್ರಿ ಯವ್ವಾ?”

“ತಡಿ. ಕಿಣಿಕಿಣಿ ಅಂತೈತಿ…” ಮುದುಕಿ ಕುತ್ತಿಗೆ ಹೊರಳಿಸಿ ಹಿಂದೆ ನೋಡಿ ಮುಂದೆ ತಿರುಗಿದಳು. “ಇಲ್ಲ ಬಿಡು. ಎಂಜಿನ್ನಿಂದು ನಿಂತೈತಿ. ಇದು ನಿನ್ನ ಹೆಂಡ್ತಿ ಬಳಿ.”

ಅವನು ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಲ್ಲಿ ಲಾಲಬಿ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಬುರ್ಖಾದ ತೋಳು ಸರಿದು, ಮಣಿಕಟ್ಟಿನ ಹಸಿರು ಬಳೆಗಳು ಕಾರಿನ ಕುಲುಕಿಗೆ ಮೇಲೂ ಕೆಳಗೂ ಆಡುತ್ತಿದ್ದವು. ಮುದುಕಿ ಏನು ಹೇಳಿದಳೆಂದು ಅವಳಿಗೂ ತಿಳಿದಿರಬೇಕು; ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ಏರು ಮುಗಿದಿತ್ತು. ಜಾಫರಸಾಬ ಗಾಡಿಯನ್ನು ನಿಧಾನ ಮಾಡಿದ.

“ಈಗೂ ಅಂತಾವೇನ್ರಿ ಯವ್ವಾ?”

“ಏನು?”

“ಬಳಿ.”

“ಅಂತಾವ,” ಎಂದಳು ಸೋಮವ್ವ. “ಕೈ ಅಳ್ಳಾಡಿದ್ರ ಅಂತಾವ.”

ಅವನು ಕೆಳಗಿಳಿಯುವ ರಸ್ತೆಯಲ್ಲಿ, ಗುಂಡಿ ಇರುವ ಕಡೆಯೇ ಗಾಡಿ ಹೊಡೆಯುತ್ತ ಹೋದ.